ಗುಡಿಸಿದ ಜೌಗು

ದೊಡ್ಡಮ್ಮನ ಕತೆಯನ್ನು ಅವಳ ಪೊರಕೆಯಿಂದಲೇ ಶುರುಮಾಡಬೇಕು. ಅವಳ ಬಳಿ ಮೂರು ಪೊರಕೆಗಳಿದ್ದವು. ಒಳಮನೆಗೆ ಒಂದು, ಹೊರಬಾಗಿಲಿಗೆ ಒಂದು, ಬೀದಿಗೆ ಒಂದು. ಮೂರನ್ನೂ ಜೊಂಡುಹುಲ್ಲಿನ ತುದಿಗಳನ್ನು ಒಣಗಿಸಿ ಅವಳೇ ಕಟ್ಟಿದ್ದಳು. ಒಂದರ ಕೆಲಸಕ್ಕೆ ಇನ್ನೊಂದನ್ನು ಹಚ್ಚಿದರೆ ಅವತ್ತು ಮನೆಯಲ್ಲಿ ಯಾರಿಗೂ ನೆಮ್ಮದಿಯ ಊಟವಿಲ್ಲ. ನೆಂಟರು ಬಂದು ಹೊರಟರೆ, ಅವರಿನ್ನೂ ಹೊಸಿಲು ದಾಟುವ ಮೊದಲೇ ಅವರು ಕೂತೆದ್ದ ಜಾಗಕ್ಕೆ ಪೊರಕೆ ಬೀಳುತ್ತಿತ್ತು. ಹೀಗಾಗಿ ನೆಂಟರು ಬರುವುದು ಕಡಿಮೆಯಾಯಿತು, ಅದೂ ಅವಳಿಗೆ ಅನುಕೂಲವೇ ಆಯಿತು. ಗಂಡ ಎನ್ನುವವನು ಮದುವೆಯಾದ ನಾಲ್ಕನೇ ವರ್ಷ, ಸಿಗರೇಟಿನ ಬೂದಿಯನ್ನು ಎಲ್ಲೆಂದರಲ್ಲಿ ಕೊಡವುವ ಸ್ವಾತಂತ್ರ್ಯ ಹುಡುಕಿಕೊಂಡು ಬೇರೊಬ್ಬಳ ಮನೆ ಸೇರಿದ. ಅವತ್ತು ದೊಡ್ಡಮ್ಮ ಅತ್ತಿದ್ದನ್ನು ಕಂಡವರಿಲ್ಲ. ಮನೆ ಗುಡಿಸಿದ್ದನ್ನು ಮಾತ್ರ ಇಡೀ ಬೀದಿ ಕಂಡಿತು.

ಹೊಟ್ಟೆಪಾಡಿಗೆ ಅವಳಿಗಿದ್ದದ್ದು ಊರಂಚಿನ ಜೌಗು. ಮೊಣಕಾಲುದ್ದದ ನೀರಿನಲ್ಲಿ ಆಳೆತ್ತರ ಬೆಳೆದ ಜೊಂಡನ್ನು ಕೊಯ್ದು, ಹೊರೆ ಕಟ್ಟಿ, ಸಣ್ಣ ತೆಪ್ಪದ ಮೇಲೆ ಹಾಕಿ ಏರಿಗೆ ತಂದು, ಚೌಕಟ್ಟಿನ ಮೇಲೆ ಒಣಗಿಸಿ, ಮನೆಗೆ ಹೊತ್ತು ಚಾಪೆ ಹೆಣೆಯುವುದು. ಮೂವತ್ತೊಂದು ವರ್ಷ ಇದೇ ಕೆಲಸ. ಮೊದಲು ಅಲ್ಲಿ ಹತ್ತಾರು ಜನ ಕೊಯ್ಯುತ್ತಿದ್ದರು. ಪ್ಲಾಸ್ಟಿಕ್ ಚಾಪೆ ಬಂದ ಮೇಲೆ ಒಬ್ಬೊಬ್ಬರಾಗಿ ಕೈತೊಳೆದುಕೊಂಡರು. ಕೊನೆಗೆ ಉಳಿದವಳು ಇವಳೊಬ್ಬಳೇ. ಅವಳು ಕೊಯ್ಯುವ ತುಂಡು ಜಾಗಕ್ಕೆ ಕಾಗದವಿಲ್ಲ, ಬೇಲಿಯಿಲ್ಲ. ಅದು ಅವಳ ಜಾಗ ಎಂದು ಎಲ್ಲರಿಗೂ ಗೊತ್ತಿತ್ತು, ಅಷ್ಟೆ. ಗೊತ್ತಿರುವುದಕ್ಕೆ ಕಾಗದ ಯಾಕೆ ಎಂದುಕೊಳ್ಳುವ ಕಾಲದ ಹೆಂಗಸು ಅವಳು.

ಆ ಚಾಪೆಗಳ ಮೇಲೆಯೇ ಪುಟ್ಟಿ ಬೆಳೆದಳು. ಪುಟ್ಟಿ ದೊಡ್ಡಮ್ಮನ ತಂಗಿಯ ಮಗಳು. ತಂಗಿ ಕಣ್ಣುಮುಚ್ಚಿದಾಗ ಕೂಸಿಗೆ ಎರಡು ವರ್ಷ. ಅದರ ಅಪ್ಪ ಹೊಸ ಸಂಸಾರದ ಸಂಭ್ರಮದಲ್ಲಿ ಕೂಸನ್ನು ಮರೆತೇಬಿಟ್ಟ. ದೊಡ್ಡಮ್ಮ ಎತ್ತಿಕೊಂಡು ಬಂದಳು, ತಲೆಗೆ ಎಣ್ಣೆ ಹಚ್ಚಿದಳು, ಉಗುರು ಕತ್ತರಿಸಿದಳು, ಕತ್ತರಿಸಿದ ಉಗುರನ್ನು ಆಯ್ದು ಕಾಗದದಲ್ಲಿ ಕಟ್ಟಿ ಎಸೆದಳು. ಮುಂದೆ ಪುಟ್ಟಿ ಕಾಲೇಜಿನಲ್ಲಿ ಭೂಗೋಳ ಓದಿದಳು. ನೆಲವನ್ನು ಕಾಗದದ ಮೇಲೆ ಇಳಿಸುವ ವಿದ್ಯೆ ಅಂತ ದೊಡ್ಡಮ್ಮ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಕೊನೆಯ ವರ್ಷದಲ್ಲಿ ಆರು ತಿಂಗಳು ಎಲ್ಲಾದರೂ ಇಂಟರ್ನ್‌ಶಿಪ್ ಮಾಡಬೇಕಿತ್ತು. ಪುಟ್ಟಿಗೆ ಸಿಕ್ಕಿದ್ದು ನಿಸರ್ಗಧಾಮ ಯೋಜನಾ ಕಚೇರಿ. ಟೈರ್ ಅಂಗಡಿಯೊಂದರ ಮೇಲೆ ಮೂರನೇ ಮಹಡಿ. ಉದ್ದನೆಯ ಮೇಜು, ಅದರ ತುದಿಯಲ್ಲಿ ಹಾಸಿಗೆಯಷ್ಟು ಅಗಲದ ಕಾಗದವನ್ನು ಕಕ್ಕುವ ಪ್ರಿಂಟರ್, ಗೋಡೆ ತುಂಬ ನಕ್ಷೆ. ಕಿಟಕಿ ತೆರೆದರೆ ರಬ್ಬರ್ ವಾಸನೆ, ಮುಚ್ಚಿದರೆ ಸೆಕೆ. ಆ ವರ್ಷ ಕಚೇರಿಯ ಕೈಲಿದ್ದ ಕೆಲಸ ಅದೇ ಊರಂಚಿನ ಜೌಗನ್ನು ಅಳೆದು, ನಕ್ಷೆ ಮಾಡಿ, ಯಾವ ಭಾಗಕ್ಕೆ ಯಾರು ಕಾಲಿಡಬಹುದು, ಯಾರು ಇಡಬಾರದು ಎಂದು ಗೊತ್ತುಮಾಡುವುದು. ಕೆಲಸ ಚೆನ್ನಾಗಿ ಮಾಡಿದ ಒಬ್ಬರನ್ನು ಖಾಯಂ ಮಾಡಿಕೊಳ್ಳುತ್ತೇವೆ ಎಂದೂ ಹೇಳಿದ್ದರು.

ಅರ್ಜಿಯ ಎರಡನೇ ಪುಟದಲ್ಲಿ ಒಂದು ಪ್ರಶ್ನೆಯಿತ್ತು. ಈ ಜಾಗದಲ್ಲಿ ನಿಮ್ಮ ಅಥವಾ ನಿಮ್ಮ ಮನೆಯವರ ಜೀವನೋಪಾಯ ಇದೆಯೇ? ಇದೆ ಎಂದರೆ ಬೇರೆ ಊರಿನ ಬೇರೆ ಯೋಜನೆಗೆ ಕಳಿಸುತ್ತಾರೆ, ಅಲ್ಲಿ ಖಾಯಂ ಮಾತಿಲ್ಲ. ಪುಟ್ಟಿ ಪೆನ್ನು ಕಚ್ಚಿಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ‘ಇಲ್ಲ’ ಎಂದು ಬರೆದಳು. ಓಡಾಡುವುದು ಮನೆಯಿಂದಲೇ ಆದರೂ ವಿಳಾಸಕ್ಕೆ ಕಾಲೇಜು ಹಾಸ್ಟೆಲಿನದು ಹಾಕಿದಳು. ಇಷ್ಟಕ್ಕೇ ಅವಳನ್ನು ಕೆಟ್ಟವಳು ಎನ್ನುವವರು ತಾವು ತುಂಬಿದ ಅರ್ಜಿಗಳನ್ನು ಒಮ್ಮೆ ನೆನೆಸಿಕೊಳ್ಳಲಿ. ಅವಳನ್ನು ಬೈಯಲು ಮುಂದೆ ಬೇಕಾದಷ್ಟು ಜಾಗವಿದೆ.

ಕಚೇರಿಯ ಮುಖ್ಯಸ್ಥೆಯನ್ನು ಹಿಂದಿನಿಂದ ಎಲ್ಲರೂ ಗೆರೆ ಮೇಡಂ ಎನ್ನುತ್ತಿದ್ದರು. ಒಮ್ಮೆ ಗೆರೆ ಎಳೆದರೆ ಮಂತ್ರಿ ಬಂದರೂ ಅಳಿಸದ ಹೆಂಗಸು. ಅವಳದು ಒಂದೇ ಕಟ್ಟಳೆ. ಕಣ್ಣಿಗೆ ಕಂಡದ್ದನ್ನು ಬರೆಯಬೇಕು, ಕಿವಿಗೆ ಬಿದ್ದದ್ದನ್ನು ಬರೆಯಕೂಡದು. ಹಿಂದೆ ಎಲ್ಲೋ ಒಂದು ಬೆಟ್ಟದ ಬಗ್ಗೆ ಜನರ ಮಾತು ಕೇಳಿ ಬರೆದುಕೊಂಡು, ಆ ಬೆಟ್ಟವನ್ನೇ ಕಾಣದವರೆಲ್ಲ ಅದು ತಮ್ಮ ಅಜ್ಜನ ಕಾಲದ್ದು ಅಂತ ಸಾಲುಗಟ್ಟಿ, ಕೊನೆಗೆ ಬೆಟ್ಟ ಕಲ್ಲುಗಣಿಯವರ ಪಾಲಾಗಿತ್ತಂತೆ. ಅವಳ ಸಿಟ್ಟಿಗೂ ಒಂದು ನ್ಯಾಯವಿತ್ತು.

ಕೆಲಸದ ರೀತಿ ಹೀಗೆ. ಇಡೀ ಜೌಗನ್ನು ನೂರು ನೂರು ಮೀಟರಿನ ಚೌಕಗಳಾಗಿ ಮಾಡಿದ್ದರು. ಪ್ರತಿ ಚೌಕದಲ್ಲೂ ನಿಂತು, ಸುತ್ತ ಓಡಾಡಿ, ಮನುಷ್ಯ ಬಳಕೆಯ ಗುರುತು ಎಷ್ಟು ಕಂಡಿತೆಂದು ಟ್ಯಾಬಿನಲ್ಲಿ ಒತ್ತಬೇಕು. ಕಾಲುದಾರಿ, ಕೊಯ್ದ ಮೋಟು, ಹಗ್ಗ, ಗೂಟ, ತೆಪ್ಪ, ಏನೇ ಆಗಲಿ. ಒಂದು ಗುರುತು ಕಂಡರೂ ಸಾಕು, ಚೌಕ ತಿಳಿಹಸಿರಾಗುತ್ತದೆ. ಅಲ್ಲಿ ಹಿಂದಿನಿಂದ ಬಳಸುತ್ತಿದ್ದವರು ಚೀಟಿ ಪಡೆದು ಮುಂದುವರಿಯಬಹುದು. ಒಂದೂ ಕಾಣದಿದ್ದರೆ ಸೊನ್ನೆ. ಸೊನ್ನೆ ಒತ್ತಿದ ಚೌಕ ಕಡುಹಸಿರಾಗುತ್ತದೆ. ಕಡುಹಸಿರೆಂದರೆ ಕೋರ್, ಅಲ್ಲಿಗೆ ಯಾರೂ ಕಾಲಿಡುವಂತಿಲ್ಲ. ಒಂದು ತುಂಡು ಹಗ್ಗ ಸಾಕಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ದೊಡ್ಡಮ್ಮನ ಜಾಗ ಮೂರು ಚೌಕಗಳಲ್ಲಿ ಬಿದ್ದಿತ್ತು. ಪುಟ್ಟಿ ಅದನ್ನು ಮೊದಲ ವಾರವೇ ನೋಡಿಟ್ಟುಕೊಂಡಳು. ಅವಳಿಗೆ ಹೆದರಿಕೆಯೇನೂ ಆಗಲಿಲ್ಲ. ಏರಿಯ ಉದ್ದಕ್ಕೂ ಒಣಹಾಕುವ ಚೌಕಟ್ಟುಗಳು, ತೆಪ್ಪ, ಹಗ್ಗದ ಸುರುಳಿ, ಗೂಟಗಳು, ಎಲ್ಲ ಢಾಳಾಗಿ ಬಿದ್ದಿದ್ದವು. ಕುರುಡರೂ ಎಡವಿ ಗುರುತು ಹಚ್ಚುವಷ್ಟು. ಅವಳ ಚಿಂತೆ ಬೇರೆ. ದೊಡ್ಡಮ್ಮ ಅಲ್ಲಿರುತ್ತಾಳೆ, ತನ್ನನ್ನು ಕಂಡು ಬಾಯಿತುಂಬ ಕರೆಯುತ್ತಾಳೆ, ಮೇಡಂ ಎದುರಿಗೇ ತನ್ನ ಸುಳ್ಳು ಬಯಲಾಗುತ್ತದೆ. ಅದೂ ಅಲ್ಲದೆ, ಮಂಡಿಯವರೆಗೆ ಕೆಸರು ಮೆತ್ತಿದ ದೊಡ್ಡಮ್ಮನನ್ನು ಆ ಕಚೇರಿಯವರ ಮುಂದೆ ನೆನೆಸಿಕೊಂಡರೆ ಅವಳಿಗೆ ನಾಚಿಕೆಯಾಗುತ್ತಿತ್ತು. ಇದ್ದದ್ದನ್ನು ಇದ್ದಹಾಗೆ ಹೇಳಬೇಕಲ್ಲ.

ಸೋಮವಾರ ಊಟಕ್ಕೆ ಕೂತಾಗ ಮಾತು ತೆಗೆದಳು.

"ದೊಡ್ಡಮ್ಮ, ಗುರುವಾರ ನಮ್ಮ ಆಫೀಸಿನವರು ಜೌಗಿಗೆ ಬರ್ತಾರೆ. ನೀನು ಅವತ್ತು ಆ ಕಡೆ ಬರಬೇಡ."

"ಯಾಕೆ?"

"ಸುಮ್ನೆ. ನಾನು ನಿನ್ನ ಮಗಳು ಅಂತ ಗೊತ್ತಾದ್ರೆ ನನ್ನನ್ನ ಬೇರೆ ಕಡೆ ಹಾಕ್ತಾರೆ. ಎಲ್ಲಾದ್ರೂ ಎದುರಾದ್ರೂ ಗುರುತು ತೋರಿಸಬೇಡ."

ದೊಡ್ಡಮ್ಮ ತಟ್ಟೆಯಿಂದ ಆಚೆ ಬಿದ್ದ ಅನ್ನದ ಅಗುಳನ್ನು ಬೆರಳಿಂದ ಎತ್ತಿ ಅಂಚಿಗಿಟ್ಟಳು. "ದೊಡ್ಡ ಮೇಡಂ ಕೂಡ ಬರ್ತಾರಾ?"

"ಬರ್ತಾರೆ."

"ಆಯ್ತು," ಎಂದಳು ದೊಡ್ಡಮ್ಮ. ಅಷ್ಟೇ ಎಂದದ್ದು. ಪುಟ್ಟಿ ನಿರಾಳವಾಗಿ ಕೈತೊಳೆದಳು.

ದೊಡ್ಡ ಮೇಡಂ ತನ್ನ ಜಾಗ ನೋಡಲು ಬರುತ್ತಾರೆ! ದೊಡ್ಡಮ್ಮನ ತಲೆಯಲ್ಲಿ ಉಳಿದದ್ದು ಇದೊಂದೇ. ಜಾಗ ತನ್ನದೆಂದು ಹೇಳುವಂತಿಲ್ಲ, ಸರಿ. ಹಾಗಂತ ಗಲೀಜಾಗಿ ಬಿಡುವುದಕ್ಕಾಗುತ್ತದೆಯೇ? ಮಂಗಳವಾರ ಬೆಳಿಗ್ಗೆಯೇ ಹೋದಳು. ಚೌಕಟ್ಟುಗಳನ್ನು ಬಿಚ್ಚಿ ಎರಡು ಸಲ ತಲೆಹೊರೆಯಲ್ಲಿ ಮನೆಗೆ ತಂದಳು. ತೆಪ್ಪವನ್ನು ಎಳೆದೆಳೆದು ದೂರದ ಕಾಲುವೆಗೆ ಸೇರಿಸಿದಳು. ಗೂಟಗಳನ್ನು ಕಿತ್ತು ಗುಂಡಿಗಳನ್ನು ಕೆಸರಿನಿಂದ ಮುಚ್ಚಿ ಅಂಗೈಯಿಂದ ಸವರಿದಳು. ಬುಧವಾರ ನೀರಿಗಿಳಿದು, ಕೊಯ್ದು ಬಿಟ್ಟಿದ್ದ ಮೋಟುಗಳನ್ನು ಒಂದೊಂದಾಗಿ ನೀರಿನ ಕೆಳಗೆ ಮಟ್ಟಸವಾಗಿ ಕತ್ತರಿಸಿದಳು. ಸಂಜೆಯಾಗುವಷ್ಟರಲ್ಲಿ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಆದರೂ ಗುರುವಾರ ಬೆಳಕು ಹರಿಯುತ್ತಲೇ ಬೀದಿಯ ಪೊರಕೆ ಹಿಡಿದು ಮತ್ತೆ ಹೋದಳು. ಏರಿಯನ್ನು ಈ ತುದಿಯಿಂದ ಆ ತುದಿಯವರೆಗೆ ಗುಡಿಸಿದಳು. ಹಿಂದೆ ಹಿಂದೆ ನಡೆಯುತ್ತ ತನ್ನ ಹೆಜ್ಜೆಗಳನ್ನೂ ಗುಡಿಸಿಕೊಂಡು ಬಂದಳು. ಪುಟ್ಟಿಗೆ ಹೇಳಲಿಲ್ಲ. ನೋಡಿ ಖುಷಿಪಡಲಿ ಅಂತ.

ಹತ್ತು ಗಂಟೆಗೆ ಕಚೇರಿಯ ಜೀಪು ಬಂತು. ಪುಟ್ಟಿ ಏರಿ ಹತ್ತಿ ನಿಂತವಳು ಅಲ್ಲಾಡಲಿಲ್ಲ. ಎದುರಿಗೆ ಏನೂ ಇರಲಿಲ್ಲ. ಚೌಕಟ್ಟಿಲ್ಲ, ತೆಪ್ಪವಿಲ್ಲ, ಹಗ್ಗದ ಎಳೆಯಿಲ್ಲ. ಜೊಂಡಿನ ನಡುವೆ ನೀರಿನ ಓಣಿಗಳು ತಿಳಿಯಾಗಿ ಮಲಗಿದ್ದವು, ಅವುಗಳಲ್ಲಿ ಹಕ್ಕಿಗಳು ಮರಿಗಳನ್ನು ಕಟ್ಟಿಕೊಂಡು ಓಡಾಡುತ್ತಿದ್ದವು. ಆ ಓಣಿಗಳನ್ನು ಮೂವತ್ತೊಂದು ವರ್ಷ ಕೊಯ್ದು ಬಿಡಿಸಿದ ಕೈ ಯಾವುದೆಂದು ಅಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು.

ಗೆರೆ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಹೊಗಳುವ ಅಭ್ಯಾಸವಿಲ್ಲದವಳು. "ಇಷ್ಟು ಸ್ವಚ್ಛವಾದ ಜಾಗ ನಾನು ಹದಿನೈದು ವರ್ಷದಲ್ಲಿ ನೋಡಿಲ್ಲ," ಎಂದಳು.

ಮೂರೂ ಚೌಕ ಸುತ್ತಿದರು. ಪುಟ್ಟಿಯ ಕಣ್ಣು ನೆಲದಲ್ಲೇ ಇತ್ತು. ಒಂದು ಮೋಟು, ಒಂದು ಗೂಟ, ಒಂದು ಹರಿದ ಚಪ್ಪಲಿಯ ಪಟ್ಟಿ ಸಿಕ್ಕರೆ ಸಾಕು ಎಂದು ಹುಡುಕಿದಳು. ದೊಡ್ಡಮ್ಮ ಕೆಲಸ ಮಾಡಿದ ಮೇಲೆ ಏನು ಸಿಗುತ್ತದೆ? ಕೊನೆಗೆ ಮೇಡಂ ತಾನೇ ಬಗ್ಗಿ ಏರಿಯ ಮೇಲಿನ ಹಸಿಮಣ್ಣು ತೋರಿಸಿದಳು. ಒತ್ತೊತ್ತಾದ ಸಣ್ಣ ಗೆರೆಗಳು, ಅರ್ಧಚಂದ್ರದ ಹಾಗೆ ಒಂದರ ಪಕ್ಕ ಒಂದು.

"ಇದೇನಿದು?"

ಪುಟ್ಟಿಗೆ ಆ ಗೆರೆಗಳು ಮಾತು ಬರುವ ಮೊದಲಿನಿಂದ ಗೊತ್ತು. ಅಂಬೆಗಾಲಿಟ್ಟದ್ದೇ ಅವುಗಳ ಮೇಲೆ. ಪೊರಕೆ ಎಂದರೆ ಯಾರ ಪೊರಕೆ ಎನ್ನುತ್ತಾರೆ. ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಆಮೇಲೆ ಅರ್ಜಿ ತೆಗೆಯುತ್ತಾರೆ.

"ಗಾಳಿಗೆ ಜೊಂಡು ಬಾಗಿ ಉಜ್ಜಿದ್ದು ಇರಬೇಕು ಮೇಡಂ."

ಮೇಡಂ ಒಂದು ಫೋಟೋ ತೆಗೆದುಕೊಂಡಳು. "ಚೆನ್ನಾಗಿ ಗಮನಿಸ್ತೀಯ," ಎಂದಳು. ಪುಟ್ಟಿ ಮೂರು ಸಲ ಸೊನ್ನೆ ಒತ್ತಿದಳು. ಟ್ಯಾಬಿನ ಮೇಲೆ ಮೂರು ಚೌಕ ಒಂದಾದ ಮೇಲೊಂದು ಕಡುಹಸಿರಾದವು.

ಸಂಜೆ ಮನೆಗೆ ಬಂದರೆ ದೊಡ್ಡಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು.

"ಹೇಗಿತ್ತು? ಮೇಡಂ ಏನಂದ್ರು?"

"ಇಷ್ಟು ಸ್ವಚ್ಛವಾದ ಜಾಗ ನೋಡಿಲ್ಲ ಅಂದ್ರು."

ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಪುಟ್ಟಿ ಅವತ್ತೇ ಹೇಳಬಹುದಿತ್ತು. ನಾಳೆ ಹೇಳೋಣ ಎಂದುಕೊಂಡಳು.

ಕರಡು ನಕ್ಷೆ ಬಂತು. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಹೇಳಬೇಕೆಂದು ಕಚೇರಿಯ ಬೋರ್ಡಿಗೆ ಅಂಟಿಸಿದರು. ಪುಟ್ಟಿ ಒಂದು ಪ್ರತಿ ಮನೆಗೂ ತಂದಳು. ತಂದಳಲ್ಲ ಎಂದು ಅವಳ ಪರವಾಗಿ ಹೇಳಬಹುದು. ಆದರೆ ದೊಡ್ಡಮ್ಮ ಕೈ ಒರೆಸಿಕೊಂಡು, ಕಾಗದಕ್ಕೆ ಬೆರಳು ತಾಗದ ಹಾಗೆ ಬಗ್ಗಿ, ನಮ್ಮ ಜಾಗ ಯಾವುದು ಎಂದು ಕೇಳಿದಾಗ, ಇದು ಎಂದು ತೋರಿಸಿದಳೇ ಹೊರತು ಇನ್ನೊಂದು ಮಾತು ಹೊರಡಲಿಲ್ಲ.

"ಬೇರೆಲ್ಲಕ್ಕಿಂತ ಚೆಂದ ಇದೆಯಲ್ಲ. ಎಷ್ಟು ಹಸಿರು," ಎಂದಳು ದೊಡ್ಡಮ್ಮ. ನಕ್ಷೆಯನ್ನು ಹಾಸಿಗೆಯ ಮೇಲಿನ ಗೋಡೆಗೆ ಅಂಟಿಸಿದಳು, ಧೂಳು ಕೂರಬಾರದೆಂದು ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದಳು. ಮೂವತ್ತು ರಾತ್ರಿ ಪುಟ್ಟಿ ಅದರ ಕೆಳಗೆ ಮಲಗಿದಳು. ಖಾಯಂ ಪತ್ರ ಕೈಗೆ ಬರಲಿ, ಆಮೇಲೆ ಮೇಡಂ ಕಾಲಿಗೆ ಬಿದ್ದಾದರೂ ಸರಿಮಾಡಿಸುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡಳು. ಪತ್ರ ಮೂವತ್ತೆರಡನೇ ದಿನ ಬಂತು.

ಅದಾಗಿ ವಾರಕ್ಕೆ, ಮನೆಯಲ್ಲಿ ಕೂಡಿಟ್ಟ ಒಣಜೊಂಡೆಲ್ಲ ಹೆಣೆದು ಮುಗಿದ ಮೇಲೆ, ದೊಡ್ಡಮ್ಮ ಕುಡುಗೋಲು ಮಸೆದುಕೊಂಡು ಜೌಗಿಗೆ ಹೋದಳು. ಏರಿಗೆ ಅಡ್ಡ ಸರಪಳಿ, ಬೋರ್ಡು, ಕಾವಲಿನವನು. ಒಳಗೆ ಬಿಡುವುದಿಲ್ಲ ಎಂದ. ಅವಳು ಅವನ ಹತ್ತಿರ ಜಗಳಕ್ಕೆ ನಿಲ್ಲಲಿಲ್ಲ. ಕುಡುಗೋಲನ್ನು ಹುಲ್ಲಿನಿಂದ ಒರೆಸಿ ಚೀಲಕ್ಕೆ ಹಾಕಿ, ಸೀದಾ ಟೈರ್ ಅಂಗಡಿಯ ಮೇಲಿನ ಮೂರು ಮಹಡಿ ಹತ್ತಿದಳು.

ಪುಟ್ಟಿ ಉದ್ದ ಮೇಜಿನ ಮುಂದೆ ಕೂತಿದ್ದಳು. ತಲೆಯೆತ್ತಿ ನೋಡಿದರೆ ದೊಡ್ಡಮ್ಮ! ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಕಾಲನ್ನು ಕಾಲೊರೆಸಿಗೆ ಎರಡೆರಡು ಸಲ ಒರೆಸಿಕೊಂಡು ಒಳಗೆ ಬಂದಳು. ಪುಟ್ಟಿಯನ್ನು ಕಂಡಳು. ಕಂಡದ್ದು ಮುಖದಲ್ಲಿ ಕಾಣಿಸಲಿಲ್ಲ. ಆ ಸೋಮವಾರ ಊಟದ ಹೊತ್ತಿಗೆ ಪುಟ್ಟಿ ಹೇಳಿದ್ದನ್ನು ಮರೆತಿರಲಿಲ್ಲ. ನೇರ ಮೇಡಂ ಹತ್ತಿರ ಹೋಗಿ ಕೈಮುಗಿದಳು.

"ಅಮ್ಮಾ, ಆ ಜಾಗದಲ್ಲಿ ನಾನು ಮೂವತ್ತೊಂದು ವರ್ಷದಿಂದ ಜೊಂಡು ಕೊಯ್ತಿದೀನಿ. ಈಗ ಬಿಡ್ತಿಲ್ಲ."

ಮೇಡಂ ಕುರ್ಚಿ ತೋರಿಸಿದಳು. ದೊಡ್ಡಮ್ಮ ಕೂರಲಿಲ್ಲ. ಮೇಡಂ ಕಂಪ್ಯೂಟರಿನಲ್ಲಿ ಚೌಕ ತೆಗೆದು ನೋಡಿದಳು.

"ಆಕ್ಷೇಪಣೆಯ ದಿನ ಮುಗಿದಿದೆ. ಅದಿರಲಿ, ನಾನೇ ಹೋಗಿ ನೋಡಿದೀನಿ. ಮೂರು ಚೌಕದಲ್ಲೂ ಮನುಷ್ಯ ಕಾಲಿಟ್ಟ ಗುರುತೇ ಇರಲಿಲ್ಲ."

"ಇತ್ತು ಅಮ್ಮಾ. ನೀವು ಬರ್ತೀರಿ ಅಂತ ನಾನೇ ಎಲ್ಲ ತೆಗೆದೆ. ಏರಿ ಗುಡಿಸಿದೆ."

"ಜೌಗು ಗುಡಿಸಿದ್ರಾ?"

"ಹೂಂ. ಹಿಂದೆ ಹಿಂದೆ ನಡ್ಕೊಂಡು."

ಪಕ್ಕದ ಮೇಜಿನಲ್ಲಿದ್ದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮೇಡಂ ನಗಲಿಲ್ಲ. ಅವಳಿಗೆ ಏನೋ ನೆನಪಾಯಿತು. ಹಳೆಯ ಫೋಟೋ ಹುಡುಕಿ ಪರದೆಯ ಮೇಲೆ ದೊಡ್ಡದು ಮಾಡಿದಳು. ಅರ್ಧಚಂದ್ರದ ಗೆರೆಗಳು.

"ಇವು ನಿಮ್ಮ ಪೊರಕೆ ಗೆರೆನಾ?"

"ನನ್ನವೇ," ಎಂದಳು ದೊಡ್ಡಮ್ಮ. ದನಿಯಲ್ಲಿ ಜೀವ ಬಂದಿತ್ತು. "ನೋಡಿ, ಎಡಗೈ ಬೀಸು. ನಾನು ಎಡಗೈಯಲ್ಲೇ ಗುಡಿಸೋದು."

ಮೇಡಂ ಪುಟ್ಟಿಯ ಕಡೆ ತಿರುಗಿದಳು. ಅವಳ ನ್ಯಾಯ ಅವಳಿಗೆ, ಕಂಡವರನ್ನೇ ಕೇಳಬೇಕು. "ಪಕ್ಕದಲ್ಲಿ ನೀನೇ ಇದ್ದೆ. ದಾಖಲೆಗೆ ಸಹಿ ನಿನ್ನದು. ನೀನು ಪೊರಕೆ ಅಂದ್ರೆ ಈಗಲೇ ಗೆರೆ ಬದಲಾಯಿಸ್ತೀನಿ. ಗಾಳಿಯೋ, ಪೊರಕೆಯೋ?"

ಹದಿನೈದು ವರ್ಷದಲ್ಲಿ ಗೆರೆ ಮೇಡಂ ಬಾಯಲ್ಲಿ ಇಂಥ ಮಾತು ಬಂದಿರಲಿಲ್ಲ. ಕೆಳಗೆ ಅಂಗಡಿಯಲ್ಲಿ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದ ಸದ್ದು ಕೇಳುತ್ತಿತ್ತು. ಪುಟ್ಟಿ ದೊಡ್ಡಮ್ಮನ ಕಡೆ ನೋಡಲಿಲ್ಲ. ಪೊರಕೆ ಎಂದರೆ ಸಹಿ ಸುಳ್ಳಾಗುತ್ತದೆ, ಸಹಿ ಸುಳ್ಳಾದರೆ ಪತ್ರ ಹೋಗುತ್ತದೆ. ಚೀಲದಲ್ಲಿದ್ದ ಆ ಪತ್ರವನ್ನು ಅವಳು ಬೆಳಿಗ್ಗೆಯಷ್ಟೇ ಇನ್ನೊಮ್ಮೆ ಓದಿದ್ದಳು.

"ಗಾಳಿ ಮೇಡಂ," ಎಂದಳು.

ದೊಡ್ಡಮ್ಮ ಪರದೆಯ ಕಡೆ ನೋಡಿದಳು. ಆಮೇಲೆ ಪುಟ್ಟಿಯ ಕಡೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಟ್ಟಳು.

"ಆ ಹುಡುಗಿ ಓದಿದವಳು. ಗಾಳಿ ಅಂದ್ರೆ ಗಾಳಿನೇ ಇರಬೇಕು. ನಂಗೆ ವಯಸ್ಸಾಯ್ತು, ಎಲ್ಲಿ ಗುಡಿಸಿದ್ನೋ ಏನೋ," ಎಂದಳು.

ಮೇಡಂಗೆ ಪಾಪ ಎನಿಸಿತು. ಹೃದಯವಿಲ್ಲದವಳೇನಲ್ಲ. ಒಂದು ನಿಮಿಷ ಯೋಚಿಸಿ ಹೇಳಿದಳು. "ನೋಡಿಯಮ್ಮ, ಇಲ್ಲಿ ಕಸ ಗುಡಿಸೋಕೆ ಒಬ್ರು ಬೇಕಾಗಿದಾರೆ. ದಿನಾ ಬೆಳಿಗ್ಗೆ, ಮಧ್ಯಾಹ್ನ. ನಿಮಗೆ ಆಗುತ್ತಾ?"

ದೊಡ್ಡಮ್ಮ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಪ್ರಿಂಟರಿನ ಹಿಂದೆ ನೋಡಿದಳು. "ಆಗುತ್ತೆ," ಎಂದಳು. "ಪೊರಕೆ ನಾನೇ ತರ್ತೀನಿ."

ಅವತ್ತು ಸಂಜೆ ಮನೆಯಲ್ಲಿ ಇಬ್ಬರೂ ಮಾತಾಡಿದ್ದು ಒಂದೇ ಸಲ.

"ಪತ್ರ ಸಿಕ್ತಾ?"

"ಸಿಕ್ತು ದೊಡ್ಡಮ್ಮ. ಹೋದ ವಾರ."

"ಹೋದ ವಾರ," ಎಂದು ದೊಡ್ಡಮ್ಮ ಇನ್ನೊಮ್ಮೆ ಅಂದುಕೊಂಡು ತಟ್ಟೆ ತೊಳೆಯಲು ಎದ್ದಳು.

ಅವಳು ಬೈದಿದ್ದರೆ ಪುಟ್ಟಿ ಅತ್ತು ಹಗುರಾಗುತ್ತಿದ್ದಳು. ಆ ಪುಣ್ಯ ಅವಳಿಗೆ ಸಿಗಲಿಲ್ಲ. ದೊಡ್ಡಮ್ಮ ಎಂದಿನಂತೆ ಅನ್ನ ಬಡಿಸುತ್ತಾಳೆ, ನೆನಪಿನಿಂದ ಕೊಡೆ ಕೊಟ್ಟು ಕಳಿಸುತ್ತಾಳೆ. ಒಂದೇ ಒಂದು ಬದಲಾಗಿದೆ. ಮನೆ ಗುಡಿಸುವುದನ್ನು ಬಿಟ್ಟಿದ್ದಾಳೆ. ಕೇಳಿದರೆ ಆಫೀಸಲ್ಲೇ ಗುಡಿಸಿ ಸಾಕಾಗುತ್ತೆ ಎನ್ನುತ್ತಾಳೆ. ಮೂಲೆಯಲ್ಲಿ ಬಲೆ ಕಟ್ಟಿದೆ, ಗೋಡೆಯ ನಕ್ಷೆಯ ಮೇಲಿನ ಪ್ಲಾಸ್ಟಿಕ್ ಮಂಕಾಗಿದೆ. ಒಮ್ಮೆ ಪುಟ್ಟಿ ತಾನೇ ಪೊರಕೆ ಎತ್ತಿಕೊಂಡಳು. ಬೀದಿಯ ಪೊರಕೆಯಿಂದ ಒಳಮನೆ ಗುಡಿಸುತ್ತಿದ್ದಳು. ದೊಡ್ಡಮ್ಮ ನೋಡಿಕೊಂಡೇ ಕೂತಿದ್ದಳು, ಏನೂ ಅನ್ನಲಿಲ್ಲ.

ಕಚೇರಿಯಲ್ಲಿ ಮಾತ್ರ ಅವಳ ಕೆಲಸಕ್ಕೆ ಹೆಸರು ಬಂದಿದೆ. ಇಂಥ ಹೆಂಗಸು ಸಿಗುವುದಿಲ್ಲ ಎಂದು ಗೆರೆ ಮೇಡಂ ಬಂದವರಿಗೆಲ್ಲ ಹೇಳುತ್ತಾಳೆ. ಬೆಳಿಗ್ಗೆ ಹನ್ನೊಂದಕ್ಕೆ ಪುಟ್ಟಿ ಹೊಸ ಇಂಟರ್ನ್‌ಗಳಿಗೆ ಸೊನ್ನೆ ಒತ್ತುವುದು ಯಾವಾಗ, ಒಂದು ಒತ್ತುವುದು ಯಾವಾಗ ಎಂದು ಹೇಳಿಕೊಡುತ್ತಿರುವಾಗ, ಪೊರಕೆಯ ಸದ್ದು ಮೇಜಿನ ಆ ತುದಿಯಿಂದ ಹತ್ತಿರ ಬರುತ್ತದೆ. ದಿನವೂ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ದೊಡ್ಡಮ್ಮ ಬಗ್ಗಿದವಳು ಬಗ್ಗಿದಂತೆಯೇ, ಯಾರಿಗೂ ಯಾವ ಅನುಮಾನವೂ ಬರದಷ್ಟು ಮರ್ಯಾದೆಯಿಂದ ಹೇಳುತ್ತಾಳೆ.

"ಮೇಡಂ, ಸ್ವಲ್ಪ ಕಾಲು ಎತ್ಕೊಳ್ಳಿ."

ಪುಟ್ಟಿ ಎತ್ತಿಕೊಳ್ಳುತ್ತಾಳೆ.